ಎಎಸ್/400 ಗೇಟ್‌ವೇ ಸಂಪರ್ಕ ದೋಷ

ಐಬಿಎಂ 1988ರಲ್ಲಿ ಹೊರತಂದ ಮಧ್ಯಮ ಗಾತ್ರದ ಎಎಸ್/400 ಕಂಪ್ಯೂಟರಿಗೂ ಕಚೇರಿಯ ಪಿಸಿಗಳಿಗೂ ನಡುವೆ ನಿಂತ ಗೇಟ್‌ವೇ ಸರ್ವರಿನಲ್ಲಿ ಕೊಂಡಿ ಕಳಚಿದಾಗ ಎದುರಾಗುವ ತೊಂದರೆ. 1990ರ ದಶಕದಲ್ಲಿ ಮೈಕ್ರೋಸಾಫ್ಟ್‌ನ ಎಸ್‌ಎನ್‌ಎ ಸರ್ವರ್ ಹಲವೆಡೆ ಈ ದುಭಾಷಿಯ ಕೆಲಸ ಮಾಡುತ್ತಿತ್ತು.

ಹುಡುಕಾಟ ಎಎಸ್/400 ಕಡೆಯಿಂದಲೇ ಶುರುವಾಗುವುದು ಒಳ್ಳೆಯದು. ಆಪರೇಟರ್ ಸಂದೇಶಗಳ ಸರತಿಯಲ್ಲಿ ಸಾಮಾನ್ಯವಾಗಿ ಕಾರಣ ಬರೆದಿರುತ್ತದೆ. ಎಷ್ಟೋ ಜನ ಅದನ್ನು ತೆರೆದು ನೋಡದೆ ಕೇಬಲ್ ಬದಲಿಸುತ್ತಾರೆ. ಎದುರಿನ ಯಂತ್ರದ ಕೊಂಡಿಗಾಗಿ ಎಎಸ್/400ರಲ್ಲಿ ಇರುವ ‘ಕಂಟ್ರೋಲರ್’ ವಿವರಣೆ ‘ವೇರಿ ಆನ್ ಪೆಂಡಿಂಗ್’ ಎಂದು ತೋರಿಸಿದರೆ ಅದು ಸಿದ್ಧವಾಗಿ ಕಾಯುತ್ತಿದೆ, ಎದುರಿನವರ ಕರೆ ಬಂದಿಲ್ಲ ಎಂದರ್ಥ.

ಕರೆ ಎಲ್ಲಿ ಕಳೆದುಹೋಯಿತು? ಬಹಳ ಕಾಡುವುದು ಜಾಲ ಕಾರ್ಡಿನ (ಮ್ಯಾಕ್) ವಿಳಾಸದ ತಪ್ಪು. ಟೋಕನ್ ರಿಂಗ್ ಜಾಲವನ್ನು ಈಥರ್ನೆಟ್‌ಗೆ ಬ್ರಿಡ್ಜ್ ಮೂಲಕ ಬೆಸೆದಾಗ ವಿಳಾಸದ ಪ್ರತಿ ಬೈಟ್‌ನ ಬಿಟ್‌ಗಳು ಹಿಂದುಮುಂದಾಗುತ್ತವೆ: ಹೆಕ್ಸಾಡೆಸಿಮಲ್‌ನಲ್ಲಿ ಅಲ್ಲಿ 40 ಎಂದು ಬರೆದದ್ದು ಇಲ್ಲಿ 02, ಅಲ್ಲಿಯ 10 ಇಲ್ಲಿ 08. ಕಾಗದದಲ್ಲಿ ಸರಿಯಾಗಿ ಕಾಣುವ ವಿಳಾಸಕ್ಕೆ ತಂತಿಯ ಮೇಲೆ ಉತ್ತರವೇ ಬರುವುದಿಲ್ಲ.

ವಿಳಾಸ ಸರಿಯಿದ್ದರೆ ಹೆಸರುಗಳ ಸರದಿ. ಸಂಪರ್ಕದ ಆರಂಭದಲ್ಲಿ ಎರಡೂ ಯಂತ್ರಗಳು ತಮ್ಮ ಜಾಲದ ಹೆಸರು ಮತ್ತು ಆ ಜಾಲದಲ್ಲಿ ತಮ್ಮನ್ನು ಗುರುತಿಸುವ ಕಂಟ್ರೋಲ್ ಪಾಯಿಂಟ್ ಹೆಸರನ್ನು ಹೇಳಿಕೊಳ್ಳುತ್ತವೆ. ಒಂದಕ್ಷರ ತಪ್ಪಿದರೂ ಕೊಂಡಿ ಕೂಡದಿರಬಹುದು.

ಕೊಂಡಿ ಕೂಡಿಯೂ ಪಿಸಿಯಲ್ಲಿ 5250 ಟರ್ಮಿನಲ್ ಪರದೆ ಮೂಡದಿದ್ದರೆ ಎಎಸ್/400ರ ‘ಕ್ಯೂಆಟೋವರ್ಟ್’ ಎಂಬ ಸಿಸ್ಟಮ್ ಮೌಲ್ಯವನ್ನು ನೋಡಬೇಕು. ಅದು ಸೊನ್ನೆಯಾಗಿದ್ದರೆ ಹೊಸ ವರ್ಚುವಲ್ ಸಾಧನ ತಾನಾಗಿ ಹುಟ್ಟುವುದಿಲ್ಲ.