ಯಂತ್ರಹಸ್ತವೂ ಬಿಟ್ಟಿಯ ಕೆಲಸವೂ

ಚೆಕ್ ಭಾಷೆಯಲ್ಲಿ 'ರೊಬೊಟ' ಎಂದರೆ ಒಕ್ಕಲಾದವನು ತನ್ನ ಒಡೆಯನಿಗೆ ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ದುಡಿಮೆ. ನಮ್ಮ ಶಾಸನಗಳಲ್ಲಿ 'ಬಿಟ್ಟಿ' ಎಂದು ಬರುವುದೂ ಇಂಥದೇ. ಸಂಸ್ಕೃತದ 'ವಿಷ್ಟಿ' ಶಬ್ದದ ತದ್ಭವವದು. ಕಾರೆಲ್ ಚಾಪೆಕ್ ಎಂಬ ನಾಟಕಕಾರನು, 1920ರಲ್ಲಿ ಪ್ರಕಟವಾದ ತನ್ನ ನಾಟಕದೊಳಗಿನ ಕೃತಕ ಆಳುಗಳಿಗೆ ತಕ್ಕ ಹೆಸರನ್ನು ಹುಡುಕುತ್ತಿದ್ದಾಗ, ಅಣ್ಣನಾದ ಯೋಸೆಫನು ಈ ಮಾತಿನಿಂದಲೇ 'ರೋಬೋಟ್' ಎಂಬುದನ್ನು ಸೂಚಿಸಿದನು. ಬಿಟ್ಟಿಯಾಳಿನ ಹೆಸರು ಹೊತ್ತ ಯಂತ್ರವು ಕಾರ್ಖಾನೆಯನ್ನು ಹೊಕ್ಕ ಮೇಲೆ ಬಿಟ್ಟಿಯ ಭಾರವು ಯಾರ ಹೆಗಲಿಗೇರಿತೆಂಬುದನ್ನು ಅಮೆರಿಕದ ಒಂದು ಊರಿನ ಚರಿತ್ರೆಯಿಂದ ತಿಳಿಯಬಹುದು.

ಜಾರ್ಜ್ ಡೆವಾಲನು ಕಲ್ಪಿಸಿ, ಜೋಸೆಫ್ ಎಂಗೆಲ್‌ಬರ್ಗರನು ಬಳಕೆಗೆ ತಂದ 'ಯೂನಿಮೇಟ್' ಎಂಬ ಯಂತ್ರಹಸ್ತವು 1961ರಲ್ಲಿ ನ್ಯೂಜೆರ್ಸಿಯಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ನಿಂತಿತು. ಅಚ್ಚಿನಿಂದ ಹೊರಬೀಳುವ ಸುಡುಲೋಹದ ಭಾಗಗಳನ್ನು ಎತ್ತಿಡುವುದು ಅದರ ಕಾರ್ಯ. ಮೈಸುಡುವ ಅಂತಹ ಕೆಲಸವು ಮನುಷ್ಯನ ಕೈತಪ್ಪಿತೆಂದು ಯಾರೂ ಮರುಗಬೇಕಾದುದಿಲ್ಲ.

ಆದರೆ ಓಹಾಯೋ ಸಂಸ್ಥಾನದ ಲಾರ್ಡ್ಸ್‌ಟೌನಿನಲ್ಲಿ ನಡೆದುದು ಬೇರೆ. ಅಲ್ಲಿ 1970ರಲ್ಲಿ 'ವೇಗ' ಎಂಬ ಚಿಕ್ಕ ಕಾರಿನ ತಯಾರಿಕೆಗಾಗಿ (ಆ ಹೆಸರಿಗೂ ನಮ್ಮ ವೇಗಕ್ಕೂ ಸಂಬಂಧವಿಲ್ಲ, ಅದು ಅಭಿಜಿತ್ ನಕ್ಷತ್ರದ ಪಾಶ್ಚಾತ್ಯ ನಾಮ) ಬೆಸುಗೆ ಹಾಕುವ ಯೂನಿಮೇಟುಗಳನ್ನು ಸಾಲಾಗಿ ನಿಲ್ಲಿಸಲಾಯಿತು. ಸಾಮಾನ್ಯವಾಗಿ ಗಂಟೆಗೆ 60ರ ಸುಮಾರು ಬಂಡಿಗಳು ಸಾಗುತ್ತಿದ್ದ ಜೋಡಣೆಯ ಸಾಲಿನಲ್ಲಿ ಈಗ 100 ಸಾಗಬೇಕೆಂದು ಗೊತ್ತುಮಾಡಿದರು. ಬೆಸುಗೆಯ ಯಂತ್ರಕ್ಕೆ ಇದು ಕಷ್ಟವಲ್ಲ. ಆದರೆ ಆಸನವನ್ನು ಕೂರಿಸುವವನು, ತಿರುಪು ಬಿಗಿಯುವವನು ಮನುಷ್ಯರೇ ಆಗಿದ್ದರಷ್ಟೆ! ಒಂದು ಬಂಡಿಯು ಎದುರಿಗೆ ಬಂದು ಹೋಗುವುದರೊಳಗೆ ಅವರಿಗೆ ಮೊದಲು ಒಂದು ನಿಮಿಷ ದೊರೆಯುತ್ತಿತ್ತು. ಈಗ ದೊರೆತುದು 36 ಸೆಕೆಂಡು. ಹೀಗೆ ಯಂತ್ರವು ತನ್ನ ಪಕ್ಕದವನ ಕೆಲಸವನ್ನು ಕಸಿಯದೆ, ಅವನ ನಡಿಗೆಯ ತಾಳವನ್ನೇ ಕಸಿದುಕೊಂಡಿತು. ಇಂದು ಕೃತಕ ಬುದ್ಧಿಯಿಂದ ಎಷ್ಟು ಜನರ ಉದ್ಯೋಗ ಹೋಗುವುದೆಂದು ಎಣಿಸುವವರು ಬಹುಮಂದಿ. ಉಳಿದವರ ಉದ್ಯೋಗ ಎಂತಹುದಾಗುವುದೆಂದು ಕೇಳುವವರು ವಿರಳ.

1971ರಲ್ಲಿ ಕಾರ್ಖಾನೆಯ ಆಡಳಿತವು ಬದಲಾಗಿ, ಕೆಲವು ನೂರು ಮಂದಿಯನ್ನು ಕೆಲಸದಿಂದ ಬಿಡಿಸಿ, ಅವರ ಪಾಲಿನ ಕೆಲಸವನ್ನು ಉಳಿದವರಿಗೆ ಹಂಚಿತೆಂದು ಕಾರ್ಮಿಕ ಸಂಘವು ದೂರಿತು. ದುಡಿಯುವವರಲ್ಲಿ ಹೆಚ್ಚಿನವರು ತರುಣರು. ಸಂಬಳವು ಕಡಮೆಯೆಂಬುದು ಅವರ ಮುಖ್ಯ ಕೊರಗಾಗಿರಲಿಲ್ಲ. ಕಾಲ ಸಾಲದೆ ಕೆಲಸ ಮುಗಿಯದ ಬಂಡಿಗಳು ಮುಂದೆ ಸಾಗಿ, ದುರಸ್ತಿಯ ಅಂಗಳದಲ್ಲಿ ತುಂಬಿಕೊಂಡವು. ಆಳುಗಳು ಬೇಕೆಂದೇ ಕೆಡಿಸುವರೆಂದು ಆಡಳಿತದವರು ಆರೋಪಿಸಿದರು. 1972ರ ಮಾರ್ಚಿ ತಿಂಗಳಲ್ಲಿ ಆರಂಭವಾದ ಮುಷ್ಕರವು ಸುಮಾರು ಮೂರು ವಾರ ನಡೆಯಿತು. ಬಿಡಿಸಲ್ಪಟ್ಟವರಲ್ಲಿ ಬಹುಪಾಲು ಜನರು ಮರಳಿ ಸೇರಿದರು. ಸಾಲಿನ ವೇಗವು ಮಾತ್ರ ತಗ್ಗಲಿಲ್ಲ. ಪತ್ರಿಕೆಗಳು ಈ ಬೇಸರಕ್ಕೆ ಊರಿನ ಹೆಸರನ್ನೇ ಇಟ್ಟು, ಅದೊಂದು ರೋಗವೆಂಬಂತೆ ಬರೆದವು. ವ್ಯಥೆಗೆ ಹೆಸರಿಟ್ಟಮಾತ್ರದಿಂದ ಚಿಕಿತ್ಸೆಯಾಗದು.

ಆ ಕಾರ್ಖಾನೆಯಿಂದ ಜನರಲ್ ಮೋಟರ್ಸಿನ ಕೊನೆಯ ಕಾರು ಹೊರಬಿದ್ದುದು 2019ರ ಮಾರ್ಚಿ ತಿಂಗಳಲ್ಲಿ. ಅದಕ್ಕೆ ಕಾರಣವು ಯಂತ್ರಹಸ್ತವಲ್ಲ. ಚಿಕ್ಕ ಕಾರುಗಳನ್ನು ಕೊಳ್ಳುವವರು ಕಡಮೆಯಾಗಿದ್ದರು.