ಹಳೆ ಸೈಕಲ್ಲಿನ ಬಿಡಿಭಾಗಕ್ಕೆ ಹೊಸ ಸೈಕಲ್ಲಿನ ಬೆಲೆ

ಬೆಳಗಾವಿಯಲ್ಲಿ ಕಿರ್ಲೋಸ್ಕರ್ ರಸ್ತೆ ಎಂಬುದೊಂದಿದೆ. ಕಬ್ಬಿಣದ ನೇಗಿಲು, ನೀರೆತ್ತುವ ಪಂಪು, ಡೀಸೆಲ್ ಎಂಜಿನ್ನುಗಳಿಂದ ಹೆಸರಾದ ಮನೆತನದ ನೆನಪಿಗೆ ಆ ಹೆಸರು ಎಂದು ಅಲ್ಲಿ ಓಡಾಡುವವರು ತಿಳಿದರೆ ತಪ್ಪೇನಿಲ್ಲ. ಆದರೆ ಆ ಮನೆತನ ವ್ಯಾಪಾರಕ್ಕೆ ಕೈಹಚ್ಚಿದ್ದು ನೇಗಿಲಿನಿಂದಲ್ಲ, ಸೈಕಲ್ಲಿನಿಂದ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಯಲ್ಲಿದ್ದುಕೊಂಡು ಸೈಕಲ್ಲು ಕೊಂಡು ಕಳಿಸುತ್ತಿದ್ದರು. ಅಣ್ಣ ರಾಮುಅಣ್ಣ ಬೆಳಗಾವಿಯಲ್ಲಿ ಅವನ್ನು ಮಾರುತ್ತಿದ್ದರು. 1888ರಲ್ಲಿ ಶುರುವಾದ ಈ ಅಂಗಡಿಯಲ್ಲಿ ಒಂದು ಸೈಕಲ್ಲಿಗೆ 700ರಿಂದ 1000 ರೂಪಾಯಿ. ಹತ್ತಲು ಬಾರದವರಿಗೆ ಕಲಿಸಿಕೊಡಲು ಮೇಲೆ 15 ರೂಪಾಯಿ. ತಿಂಗಳಿಗೆ ಹತ್ತಾರು ರೂಪಾಯಿ ಪಗಾರವೇ ದೊಡ್ಡದೆನಿಸಿದ್ದ ಕಾಲದಲ್ಲಿ ಇದೆಂಥ ಬೆಲೆ ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ಸೈಕಲ್ಲು ಆಗ ಬಡವರ ವಾಹನವಾಗಿರಲಿಲ್ಲ. ಸರದಾರರ, ವಕೀಲರ, ದೊಡ್ಡ ಅಧಿಕಾರಿಗಳ ಶೋಕಿಯಾಗಿತ್ತು.

ನೂರು ವರ್ಷಕ್ಕೂ ಮಿಕ್ಕ ಕಾಲ ಕಳೆದ ಮೇಲೆ ಅದೇ ಸೈಕಲ್ಲು ಮತ್ತೊಮ್ಮೆ ಶೋಕಿಯ ವಸ್ತುವಾಗಿದೆ. ಆದರೆ ಈ ಸಲ ಇಡೀ ಸೈಕಲ್ಲಿಗಿಂತ ಅದರ ಒಂದೊಂದು ತುಂಡಿಗೆ ಗಿರಾಕಿಗಳು ಹೆಚ್ಚು. ಒಡೆಯದ ಗಾಜಿನ ಹಳೆಯ ಲೂಕಾಸ್ ದೀಪ, ನಾಟಿಂಗ್‌ಹ್ಯಾಮಿನ ಮೂರು ಗೇರಿನ ಹಬ್, ಚರ್ಮ ಬಿರಿಯದ ಬ್ರೂಕ್ಸ್ ಸೀಟು, ಹ್ಯಾಂಡಲ್ಲಿನ ಕೆಳಗೆ ಕೂರುವ ಹಿತ್ತಾಳೆಯ ಬಿಲ್ಲೆ: ಇಂಥದೊಂದಕ್ಕೆ ಇಂದಿನ ಹೊಸ ದೊಡ್ಡ ಸೈಕಲ್ಲಿನ ಬೆಲೆಗಿಂತ ಹೆಚ್ಚು ಕೊಡುವವರಿದ್ದಾರೆ. ಇದು ಹುಚ್ಚೇ, ಅಥವಾ ಇದಕ್ಕೊಂದು ಲೆಕ್ಕವಿದೆಯೇ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ನಿಂತು ಈ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. 1948ರ ವಿಲೀನದವರೆಗೆ ಇದು ಹರಿದು ಹಂಚಿಹೋಗಿದ್ದ ನಾಡು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಇಂದು ಒಂದೇ ಉಸಿರಿನಲ್ಲಿ ಹೇಳುವ ರಬಕವಿ-ಬನಹಟ್ಟಿಗಳಲ್ಲಿಯೂ ರಬಕವಿ ಸಾಂಗಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿಯದು. ಬ್ರಿಟಿಷರ ಕಾಲದಲ್ಲಿ ರೈಲು ಈ ಊರುಗಳಾವುವನ್ನೂ ಮುಟ್ಟಲಿಲ್ಲ. ಪಶ್ಚಿಮಕ್ಕೆ ಕುಡಚಿ, ಪೂರ್ವಕ್ಕೆ ಬಾಗಲಕೋಟೆ, ಇವೇ ಹತ್ತಿರದ ಸ್ಟೇಶನ್ನುಗಳು. ನಡುವಿನ ದಾರಿ ಬಂಡಿಯದು, ಕುದುರೆಯದು, ಕಾಲ್ನಡಿಗೆಯದು. ಏರಿಳಿತ ಕಡಿಮೆಯಿರುವ ಕರಿಯ ಎರೆ ನೆಲದ ಈ ಬಯಲು ಸೈಕಲ್ಲಿಗೆ ಹೇಳಿ ಮಾಡಿಸಿದಂತಿತ್ತು, ಮಳೆಗಾಲದ ಕೆಸರೊಂದನ್ನು ಬಿಟ್ಟರೆ. ಸಂಸ್ಥಾನಿಕರು, ಅವರ ಕಾರಭಾರಿಗಳು ಮೊದಲು; ಆಮೇಲೆ ಮಾಸ್ತರರು, ತಲಾಟಿಗಳು, ಪೋಸ್ಟಿನವರು; ಕೊನೆಗೆ ಸೀರೆಯ ಗಂಟನ್ನು ಕ್ಯಾರಿಯರಿಗೆ ಬಿಗಿದು ಸಂತೆಗೆ ಹೊರಡುವ ನೇಕಾರರು. ಸೈಕಲ್ಲು ಮೇಲಿನಿಂದ ಕೆಳಗಿಳಿದ ಬಗೆ ಇದು.

ಆ ಸೈಕಲ್ಲುಗಳೆಲ್ಲ ಇಂಗ್ಲೆಂಡಿನವು. ನಾಟಿಂಗ್‌ಹ್ಯಾಮಿನ ರ‍್ಯಾಲಿ, ಹಂಬರ್, ಬರ್ಮಿಂಗ್‌ಹ್ಯಾಮಿನ ಬಿಎಸ್ಎ, ಹರ್ಕ್ಯುಲಿಸ್, ಫಿಲಿಪ್ಸ್, ಕೊವೆಂಟ್ರಿಯ ರಡ್ಜ್. ಓದು ಬಾರದವರೂ ಇವನ್ನು ದೂರದಿಂದಲೇ ಗುರುತಿಸಬಹುದಿತ್ತು. ಪೆಡಲಿನ ಹಲ್ಲುಚಕ್ರದ ನಡುವೆ ಕೊಕ್ಕರೆಯ ತಲೆಗಳು ಕಂಡರೆ ರ‍್ಯಾಲಿ, ಕೈಕಾಲು ಚಾಚಿದ ಮನುಷ್ಯರ ಸಾಲು ಕಂಡರೆ ಹಂಬರ್, ಅಂಗೈ ಕಂಡರೆ ರಡ್ಜ್. ಹಂಬರಿನ ಮುಂದಿನ ಫೋರ್ಕಿನಲ್ಲಿ ಒಂದೊಂದು ಬದಿಗೂ ಜೋಡಿ ನಳಿಗೆ. ಬಂದೂಕು ಮಾಡುವ ಕಂಪನಿಯಾಗಿ 1861ರಲ್ಲಿ ಹುಟ್ಟಿದ ಬಿಎಸ್ಎಯ ಗುರುತು ಒಂದಕ್ಕೊಂದು ಆತುಕೊಂಡು ನಿಂತ ಮೂರು ಬಂದೂಕು. ಇಂದು ಸಂಗ್ರಾಹಕರು ದುಡ್ಡು ಸುರಿಯುವುದು ಈ ಗುರುತುಗಳಿಗಾಗಿಯೇ.

ಯುದ್ಧದ ಕಾಲಕ್ಕೆ ಇಂಗ್ಲೆಂಡಿನ ಮಾಲು ಬರುವುದು ಕುಗ್ಗಿತು. 1942ರಲ್ಲಿ ಮಲಯಾ ಜಪಾನಿನ ವಶವಾದಾಗ ರಬ್ಬರಿನ ಮೂಲವೇ ತಪ್ಪಿ ಟೈರು-ಟ್ಯೂಬುಗಳಿಗೆ ಬರ ಬಂತು. ಸ್ವಾತಂತ್ರ್ಯದ ನಂತರ ಆಮದಿಗೆ ಕಡಿವಾಣ ಬಿದ್ದು ದೇಶದಲ್ಲೇ ಕಾರ್ಖಾನೆಗಳು ಎದ್ದವು. 1949ರಲ್ಲಿ ಮದ್ರಾಸಿನ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1952ರಲ್ಲಿ ಆಸನಸೋಲಿನ ಸೇನ್-ರ‍್ಯಾಲಿ, 1956ರಲ್ಲಿ ಲುಧಿಯಾನದ ಹೀರೋ. ಗಮನಿಸಬೇಕಾದ ಸಂಗತಿಯೆಂದರೆ, ಇವು ಮಾಡಿದ್ದು ಇಂಗ್ಲೆಂಡಿನ ಹಳೆಯ ಸೈಕಲ್ಲನ್ನೇ. ಅದೇ ಕಂಬಿ ಬ್ರೇಕು, ಮುಂದೆ 32, ಹಿಂದೆ 40 ಸ್ಪೋಕು, 28ಕ್ಕೆ ಒಂದೂವರೆ ಅಂಗುಲದ ಅದೇ ಟೈರು. ಇಂಗ್ಲೆಂಡು ಆ ಮಾದರಿಯನ್ನು ಮರೆತ ಮೇಲೂ ಭಾರತ ಬಿಡಲಿಲ್ಲ. ಹಾಗಾಗಿಯೇ ಇಂದು ಯುರೋಪಿನ ಸಂಗ್ರಾಹಕನೊಬ್ಬ ತನ್ನಜ್ಜನ ರ‍್ಯಾಲಿಗೆ ಟೈರು ಹಾಕಿಸಬೇಕೆಂದರೆ ಭಾರತದ ಟೈರನ್ನೇ ಹುಡುಕುವುದುಂಟು.

ಹಾಗಿದ್ದ ಮೇಲೆ ಬಿಡಿಭಾಗಕ್ಕೆ ಬರ ಏಕೆ? ಜಮಖಂಡಿಯ ಯಾವ ಸೈಕಲ್ ಅಂಗಡಿಯಲ್ಲೂ ಸಿಗುವ ಸ್ಪೋಕು, ಚೈನು ಸಾಕಲ್ಲ? ಇಲ್ಲಿಯೇ ಇರುವುದು ತಾಂತ್ರಿಕ ತೊಡಕು. ರ‍್ಯಾಲಿ ಕಂಪನಿ ತನ್ನ ಸ್ಕ್ರೂಗಳ ಥ್ರೆಡ್ಡನ್ನೇ ಬೇರೆ ಇಟ್ಟುಕೊಂಡಿತ್ತು. ಪೆಡಲಿನ ಆಕ್ಸಲ್ಲು ತಿರುಗುವ ಬಿ.ಬಿ. ಕಪ್ಪಿನ ಮೇಲೆ ಬಹುತೇಕ ಬೇರೆ ಇಂಗ್ಲಿಷ್ ಸೈಕಲ್ಲುಗಳಲ್ಲಿ ಅಂಗುಲಕ್ಕೆ 24 ಸುತ್ತು ಥ್ರೆಡ್ಡಿದ್ದರೆ ರ‍್ಯಾಲಿಯಲ್ಲಿ 26. ನೋಡಲು ಎರಡೂ ಒಂದೇ, ಕೂಡಿಸಲು ಹೋದರೆ ಒಂದೂವರೆ ಸುತ್ತಿಗೆ ಬಿಗಿದುಕೊಳ್ಳುತ್ತದೆ. ಇನ್ನೂ ತಿರುವಿದರೆ ಕಪ್ಪೂ ಹಾಳು, ಫ್ರೇಮೂ ಹಾಳು. ಗಿರಾಕಿ ಒಮ್ಮೆ ಬಂದರೆ ಮತ್ತೆ ನಮ್ಮಲ್ಲಿಗೇ ಬರಲಿ ಎಂಬ ವ್ಯಾಪಾರದ ಜಾಣತನ ಇದರಲ್ಲಿ ಇರಲಿಲ್ಲವೆನ್ನಲಾಗದು.

ಮೂರು ಗೇರಿನ ಹಬ್ಬಿನದು ಇನ್ನೊಂದು ಕಥೆ. ಸ್ಟರ್ಮಿ-ಆರ್ಚರ್ ಎಂಬ ಈ ಹಬ್ 1903ರಲ್ಲಿ ಮಾರುಕಟ್ಟೆಗೆ ಬಂತು. ಹೊರಗೆ ಏನೂ ಕಾಣದು. ಒಳಗೆ ನಡುವಿನ ಹಲ್ಲುಚಕ್ರವೊಂದರ ಸುತ್ತ, ಸೂರ್ಯನ ಸುತ್ತ ಗ್ರಹಗಳಂತೆ, ಸಣ್ಣ ಹಲ್ಲುಚಕ್ರಗಳು ತಿರುಗಿ ವೇಗವನ್ನು ಹೆಚ್ಚು ಕಡಿಮೆ ಮಾಡುತ್ತವೆ. ಹಬ್ಬಿನ ಮೈಮೇಲೆ ತಯಾರಾದ ವರ್ಷದ ಅಂಕಿ ಒತ್ತಿರುತ್ತಿತ್ತು. ಸಂಗ್ರಾಹಕನಿಗೆ ಅದೇ ಜಾತಕ. 1938ರ ಸೈಕಲ್ಲಿಗೆ 1952ರ ಹಬ್ ಕೂಡಿಸಿದರೆ ಅದು ಓಡೀತು, ಆದರೆ ಬಲ್ಲವರ ಕಣ್ಣಿಗೆ ಮಣ್ಣೆರಚಲಾಗದು. ಆ ನಿರ್ದಿಷ್ಟ ವರ್ಷದ ಹಬ್ ಬೇಕೆನ್ನುವಾಗ ಹುಡುಕಾಟ ಕಿರಿದಾಗುತ್ತದೆ, ಬೆಲೆ ಹಿರಿದಾಗುತ್ತದೆ. ಇಂಗ್ಲೆಂಡಿನಲ್ಲಿ ಇದರ ತಯಾರಿಕೆ 2000ದಲ್ಲಿ ನಿಂತು, ಹೆಸರು ತೈವಾನಿನ ಕಂಪನಿಯ ಪಾಲಾಯಿತು.

ಅಪರೂಪ ಎಂಬುದಕ್ಕೂ ಗಟ್ಟಿತನಕ್ಕೂ ಸಂಬಂಧ ತಲೆಕೆಳಗು. ಫ್ರೇಮು ಗಟ್ಟಿ, ಅದಕ್ಕೇ ಹಳೆಯ ಫ್ರೇಮುಗಳು ಬೇಕಾದಷ್ಟು ಉಳಿದಿವೆ. ಬೇಗ ಸವೆಯುವುದು, ಒಡೆಯುವುದು, ಕಳೆಯುವುದು ಯಾವುದೋ ಅದೇ ಈಗ ಬಂಗಾರ. ಹ್ಯಾಂಡಲ್ಲಿನ ಹಿಡಿಕೆ, ಗಾಳಿ ಹೊಡೆಯುವ ಪಂಪು, ಸೀಟಿನ ಹಿಂದಿನ ಚರ್ಮದ ಚೀಲ, ದೀಪದ ಗಾಜು. ಕಾರ್ಬೈಡ್ ದೀಪವನ್ನೇ ನೋಡಿ. ಮೇಲಿನ ಡಬ್ಬಿಯಿಂದ ನೀರು ತೊಟ್ಟಿಕ್ಕಿ ಕೆಳಗಿನ ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ಬಿದ್ದರೆ ಅಸಿಟಿಲೀನ್ ಅನಿಲ ಹೊರಟು ಬೆಳ್ಳಗೆ ಉರಿಯುತ್ತದೆ. (ಮಾವಿನಕಾಯಿ ಹಣ್ಣು ಮಾಡಲು ಕದ್ದು ಬಳಸುವ, ಕಾನೂನು ನಿಷೇಧಿಸಿರುವ ಕಾರ್ಬೈಡು ಇದೇ.) ಬಳಸಿದ ಮೇಲೆ ಸುಣ್ಣದಂಥ ಗಸಿಯನ್ನು ತೊಳೆಯದೆ ಬಿಟ್ಟರೆ ಡಬ್ಬಿ ತಿಂದುಹೋಗುತ್ತಿತ್ತು. ಡೈನಮೊ ಬಂದ ಮೇಲೆ ಅದನ್ನು ತೊಳೆಯುವವರು ಯಾರು? ಅಟ್ಟಕ್ಕೆ ಎಸೆದರು. ದೀಪವಿಲ್ಲದೆ ರಾತ್ರಿ ಸೈಕಲ್ ಹೊಡೆದರೆ ಪೊಲೀಸರು ಹಿಡಿದು ದಂಡ ಹಾಕುತ್ತಿದ್ದ ಕಾಲದಲ್ಲಿ ಎಲ್ಲರ ಬಳಿಯೂ ಇದ್ದ ವಸ್ತು ಹೀಗೆ ಯಾರ ಬಳಿಯೂ ಇಲ್ಲದಂತಾಯಿತು.

ಇನ್ನೂ ವಿಚಿತ್ರದ ಉದಾಹರಣೆ ಎರಡನೆಯ ಮಹಾಯುದ್ಧದ ಮಡಚುವ ಸೈಕಲ್ಲಿನದು. ವಿಮಾನದಿಂದ ಇಳಿಯುವ ಸೈನಿಕರಿಗಾಗಿ ಬಿಎಸ್ಎ ಕಂಪನಿ ಇಂಥ ಅರವತ್ತು ಸಾವಿರಕ್ಕೂ ಹೆಚ್ಚು ಸೈಕಲ್ಲು ಮಾಡಿತು. ಅದಕ್ಕೆ ಸಾಮಾನ್ಯ ಪೆಡಲ್ ಇರಲಿಲ್ಲ. ಒಳಕ್ಕೆ ತಳ್ಳಬಹುದಾದ ಸರಳಿನಂಥ ಪೆಡಲ್ ಇತ್ತು. ಯುದ್ಧ ಮುಗಿದು ಆ ಸೈಕಲ್ಲು ಜನರ ಕೈಗೆ ಬಂದಾಗ ಆ ಸರಳಿನ ಮೇಲೆ ಕಾಲೂರುವುದು ಕಷ್ಟವೆಂದು ಕೊಂಡವರು ಅದನ್ನು ಕಿತ್ತೆಸೆದು ಅಂಗಡಿಯ ಪೆಡಲ್ ಹಾಕಿಸಿಕೊಂಡರು. ಇಂದು ಮೂಲದ ಪೆಡಲ್ ಜೋಡಿಯೊಂದು ಸಿಕ್ಕರೆ ಸಂಗ್ರಾಹಕನಿಗೆ ನಿಧಿ ಸಿಕ್ಕಂತೆ.

ಈ ಬೇಡಿಕೆಗೆ ಹೊರದೇಶದ ಗಾಳಿಯೂ ಬೀಸಿದೆ. ಇಟಲಿಯ ಗಾಯೋಲೆ ಎಂಬ ಊರಿನಲ್ಲಿ 1997ರಿಂದ ಎರೋಯಿಕಾ ಎಂಬ ಸೈಕಲ್ ಯಾತ್ರೆ ನಡೆಯುತ್ತಿದೆ. 1987ಕ್ಕಿಂತ ಈಚಿನ ಮಾದರಿಯ ಸೈಕಲ್ಲಿಗೆ ಅಲ್ಲಿ ಪ್ರವೇಶವಿಲ್ಲ. ಗೇರಿನ ಹಿಡಿ, ಪೆಡಲ್, ಬ್ರೇಕಿನ ತಂತಿ ಎಲ್ಲವೂ ಹಳೆಯ ಬಗೆಯವೇ ಇರಬೇಕು. ಇಂಥ ನಿಯಮ ಒಂದಿದ್ದರೆ ಸಾಕು, ಗುಜರಿಯಲ್ಲಿದ್ದ ಕಬ್ಬಿಣಕ್ಕೆ ಜೀವ ಬರುತ್ತದೆ. ನಮ್ಮ ಸೀಮೆಗೆ ಹತ್ತಿರದ ಪುಣೆಯಲ್ಲಿ ವಿಕ್ರಮ ಪೆಂಡ್ಸೆ ಎಂಬುವರು ಹಳೆಯ ಸೈಕಲ್ಲುಗಳ ಸಂಗ್ರಹಾಲಯವನ್ನೇ 2017ರಲ್ಲಿ ತೆರೆದರು. ದಕ್ಷಿಣ ಮರಾಠಾ ಸಂಸ್ಥಾನಗಳ ಜನ ಓದಿಗೆ, ವ್ಯಾಪಾರಕ್ಕೆ ಹಿಂದಿನಿಂದಲೂ ನೋಡುತ್ತಿದ್ದುದು ಪುಣೆಯ ಕಡೆಗೇ. ಅಂದು ಆ ಕಡೆಯಿಂದ ಬಂದ ಸೈಕಲ್ಲಿನ ಭಾಗಗಳು ಇಂದು ಅದೇ ಕಡೆಗೆ ಹೊರಟರೆ ಆಶ್ಚರ್ಯವೇನು?

ಬೀಳಗಿ ಸೀಮೆಗೆ ಇದರಲ್ಲಿ ಬೇರೆಯೇ ಒಂದು ನೋವಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಬಾಗಲಕೋಟೆ, ಬೀಳಗಿ, ಜಮಖಂಡಿ ತಾಲ್ಲೂಕುಗಳ ಎಷ್ಟೋ ಊರುಗಳು ಮುಳುಗಡೆಯಾದವು. ಮನೆಯ ತೊಲೆ, ಬಾಗಿಲು, ಜಂತಿಗಳನ್ನೇ ಬಿಚ್ಚಿಕೊಂಡು ಪುನರ್ವಸತಿಗೆ ಹೊರಟವರಿಗೆ ಅಟ್ಟದ ಮೇಲಿನ ತುಕ್ಕು ಹಿಡಿದ ಸೈಕಲ್ಲು ಹೊರೆಯೇ ಹೊರತು ಆಸ್ತಿಯಲ್ಲ. ಗುಜರಿಯವರು ಅದನ್ನು ತೂಕದ ಲೆಕ್ಕದಲ್ಲಿ ಕೊಳ್ಳುತ್ತಾರೆ. ಕಿಲೋ ಲೆಕ್ಕದಲ್ಲಿ ಹೋದದ್ದು ಮುಂದಿನ ಕೈಯಲ್ಲಿ ತುಂಡಿನ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಮೊದಲು ಮಾರಿದವನಿಗೆ ಆ ಎರಡನೆಯ ಲೆಕ್ಕ ತಿಳಿಯುವುದೇ ಇಲ್ಲ.

ಹಾಗೆಂದು ಈ ಸೀಮೆಯವರು ಸೈಕಲ್ಲಿಗೆ ದುಡ್ಡು ಸುರಿಯಲು ಅರಿಯದವರಲ್ಲ. ವಿಜಯಪುರ-ಬಾಗಲಕೋಟೆ ಜಿಲ್ಲೆಗಳು ಕರ್ನಾಟಕದ ಸೈಕಲ್ ಪಟುಗಳ ತವರು. ಜಾತ್ರೆ ಬಂತೆಂದರೆ ಬಂಡಿಯ ಶರ್ಯತ್ತಿನ ಜೊತೆಗೆ ಸೈಕಲ್ ಶರ್ಯತ್ತೂ ಇರಬೇಕು. ಹಾಲಿನ ಕ್ಯಾನು ಹೊರುವ ಸೈಕಲ್ಲಿನ ಮಡಗಾರ್ಡು, ಕ್ಯಾರಿಯರು, ಚೈನ್‌ಕವರು ಕಳಚಿ ಹಗುರ ಮಾಡಿ ಓಡಿಸಿ ಗೆದ್ದ ಹುಡುಗ ಮುಂದೆ ಕ್ರೀಡಾ ವಸತಿ ನಿಲಯ ಸೇರುತ್ತಾನೆ. ಅಲ್ಲಿಂದ ಮೇಲೆ ಹೋಗಬೇಕಾದರೆ ಹೊರದೇಶದ ಕಾರ್ಬನ್ ಸೈಕಲ್ಲು ಬೇಕು. ಅದಕ್ಕೆ ಲಕ್ಷಗಳ ಲೆಕ್ಕ. ಆ ಹುಡುಗನ ತಂದೆಯೂ ಬಿಡಿಭಾಗಕ್ಕೆ ವಿಪರೀತ ಬೆಲೆ ಕೊಡುವವನೇ, ಸಾಲ ಮಾಡಿಯಾದರೂ. ಒಬ್ಬ ತೂಕ ಇಳಿಸಲು ಕೊಡುತ್ತಾನೆ, ಇನ್ನೊಬ್ಬ ಕಾಲವನ್ನು ಹಿಂದಕ್ಕೆಳೆಯಲು ಕೊಡುತ್ತಾನೆ. ಶರ್ಯತ್ತಿಗಾಗಿ ಕಳಚಿ ಬಿಸಾಡಿದ ಚೈನ್‌ಕವರನ್ನೇ ಸಂಗ್ರಾಹಕ ಆರಿಸಿಕೊಳ್ಳುತ್ತಾನೆ ಎಂಬುದು ಇದರಲ್ಲಿನ ತಮಾಷೆ.

ಬೆಲೆ ಏರಿದಲ್ಲಿ ನಕಲು ಬರುವುದು ಸಹಜ. ಹೊಸದಾಗಿ ಎರಕ ಹೊಯ್ದ ಬಿಲ್ಲೆಗೆ ಹುಳಿ ತಿಕ್ಕಿ ಹಳೆಯದೆಂದು ಮಾರುವುದು ಕಷ್ಟವೇನಲ್ಲ. ಆಸನಸೋಲಿನ ರ‍್ಯಾಲಿಯ ಭಾಗ ನಾಟಿಂಗ್‌ಹ್ಯಾಮಿನದೆಂದು ಕೈ ಬದಲಿಸುವುದೂ ಉಂಟು. ಇದಕ್ಕಿಂತ ಯೋಚಿಸಬೇಕಾದ ಮಾತೆಂದರೆ, ತುಂಡಿಗೆ ಬೆಲೆ ಬಂದಷ್ಟೂ ಇಡೀ ಸೈಕಲ್ಲು ಉಳಿಯುವುದು ಕಷ್ಟವಾಗುತ್ತದೆ. ದೀಪ ಒಂದು ಕಡೆ, ಹಬ್ ಒಂದು ಕಡೆ, ಸೀಟು ಇನ್ನೊಂದು ಕಡೆ ಮಾರಿದರೆ ಬರುವ ಹಣ ಇಡೀ ಸೈಕಲ್ಲಿಗೆ ಬಾರದು. ಎಂಬತ್ತು ವರ್ಷ ಒಂದೇ ಮನೆಯಲ್ಲಿ ಕೂಡಿಕೊಂಡಿದ್ದ ಭಾಗಗಳು ಎಂಟು ದಿನದಲ್ಲಿ ಎಂಟು ಊರಿಗೆ ಚದುರುತ್ತವೆ. ಮಾರಿದ ಅಂಗಡಿಯ ಹೆಸರಿನ ತಗಡು, ಪುರಸಭೆಗೆ ತೆರಿಗೆ ಕಟ್ಟಿ ಪಡೆದ ಬಿಲ್ಲೆ, ಒಡೆಯನು ಕೆತ್ತಿಸಿದ ಹೆಸರು, ಇವುಗಳಿಂದ ಆ ಸೈಕಲ್ಲು ಯಾವ ಸಂಸ್ಥಾನದ ಯಾವ ಓಣಿಯಲ್ಲಿ ಓಡಿತೆಂದು ತಿಳಿಯಬಹುದಿತ್ತು. ಬಿಚ್ಚಿದ ಮೇಲೆ ಹಬ್ ಬರೀ ಹಬ್ಬು. 1938 ಎಂಬುದಷ್ಟೇ ಅದರ ಮೇಲೆ ಉಳಿಯುತ್ತದೆ.

ಬನಹಟ್ಟಿಯಂಥ ಮಗ್ಗದ ಊರಿನವರಿಗೆ ಸವೆದ ಭಾಗ ಹೊಸ ಸಮಸ್ಯೆಯಲ್ಲ. ಪವರ್‌ಲೂಮಿನ ಭಾಗ ಸವೆದರೆ ಲೇತಿನಲ್ಲಿ ಅಂಥದೇ ಇನ್ನೊಂದನ್ನು ಕಡೆಸಿ ಸಂಜೆಗೆ ಮಗ್ಗ ಹೂಡುವುದು ಅಲ್ಲಿನ ರೂಢಿ. 26 ಸುತ್ತಿನ ಥ್ರೆಡ್ಡಿನ ಕಪ್ಪೊಂದನ್ನು ಕಡೆಯುವುದು ಅಂಥ ಕೈಗಳಿಗೆ ದೊಡ್ಡ ಕೆಲಸವಲ್ಲ. ಸಂಗ್ರಾಹಕ ಅದನ್ನು ಒಪ್ಪುವುದಿಲ್ಲ, ನಾಟಿಂಗ್‌ಹ್ಯಾಮಿನ ಮುದ್ರೆ ಅದರ ಮೇಲಿಲ್ಲ. ಅಜ್ಜನ ರ‍್ಯಾಲಿಯನ್ನು ಇನ್ನೂ ಹೊಡೆಯುತ್ತಿರುವ ಮೊಮ್ಮಗ ಮಾತ್ರ ಒಪ್ಪುತ್ತಾನೆ. ಮರುದಿನ ಅದರ ಕ್ಯಾರಿಯರಿಗೆ ನೂಲಿನ ಗಂಟು ಬಿಗಿಯುತ್ತಾನೆ.