ಗರ್ಭಸ್ಥ ಶಿಶುವೂ ಕ್ರೈಸ್ತ ವಿಶ್ವಾಸವೂ: ಅಥಣಿ-ಚಿಕ್ಕೋಡಿ ಸೀಮೆಯ ಇತಿಹಾಸದೊಂದು ಪುಟ

ಕೃಷ್ಣೆಯ ಎರಡೂ ದಂಡೆಗಳಲ್ಲಿ ಹಬ್ಬಿರುವ ಅಥಣಿ, ರಾಯಬಾಗ, ಚಿಕ್ಕೋಡಿಗಳ ಸೀಮೆಯಲ್ಲಿ ಹೆಣ್ಣುಮಗಳು ಚೊಚ್ಚಲ ಬಸುರಿಯಾದಳೆಂದರೆ ತವರಿನವರು ಬಂದು ಕುಬಸ ಮಾಡುತ್ತಾರೆ. ಹಸಿರು ಸೀರೆ, ಹಸಿರು ಕುಪ್ಪಸ, ಕೈತುಂಬ ಹಸಿರು ಬಳೆ, ಉಡಿಯಲ್ಲಿ ಅಕ್ಕಿ ಕೊಬ್ಬರಿ. ಇನ್ನೂ ಕಣ್ದೆರೆಯದ ಕೂಸನ್ನು ನಾಲ್ಕು ಜನರ ಸಮಕ್ಷಮ ತಮ್ಮ ಕುಲದ್ದೆಂದು ಒಪ್ಪಿಕೊಳ್ಳುವ ಸಂಸ್ಕಾರವಿದು. ಗರ್ಭಸ್ಥ ಶಿಶುವಿಗೆ ಸಮಾಜವು ಸಲ್ಲಿಸುವ ಈ ಮರ್ಯಾದೆಯಲ್ಲಿ ಬಾಯಿಂದ ಆಡದ ಒಂದು ನಿಬಂಧನೆಯುಂಟು: ತಾಯಿಯ ಹಣೆಯಲ್ಲಿ ಕುಂಕುಮವಿರಬೇಕು. ಗಂಡ ತೀರಿ ವರುಷಗಳಾದವಳ ಉಡಿಯನ್ನು ಯಾರೂ ತುಂಬರು. ಆಕೆಯ ಬಸಿರು ಹೊರಬಿದ್ದರೆ ಕುಬಸದ ಮಾತಂತಿರಲಿ, ಊರ ಬಾವಿಯೇ ಗತಿಯೆನ್ನುವಂಥ ಸ್ಥಿತಿಯು ಹತ್ತೊಂಬತ್ತನೆಯ ಶತಮಾನದ ಉಚ್ಚವರ್ಣದ ಮನೆಗಳಲ್ಲಿ ಇದ್ದಿತು. ಉಡಿಕೆಯ ಪದ್ಧತಿಯಿದ್ದ ಒಕ್ಕಲು ಸಮಾಜಗಳಲ್ಲಿ ಈ ಸಂಕಟವು ಅಷ್ಟು ಉಗ್ರವಾಗಿರಲಿಲ್ಲವೆಂಬದನ್ನು ಇಲ್ಲಿಯೇ ಹೇಳಿಬಿಡುವದು ನ್ಯಾಯ. ಮರುಮದುವೆಯ ಬಾಗಿಲನ್ನು ಮುಚ್ಚಿ, ತಲೆ ಬೋಳಿಸಿ, ಹನ್ನೆರಡು ಹದಿನಾಲ್ಕರ ಹುಡುಗಿಯನ್ನು ಮೂಲೆಗೆ ಕುಳ್ಳಿರಿಸಿದ ಮನೆಗಳಲ್ಲಿಯೇ ಅದು ಹೆಚ್ಚು.

ಹಾಗೆಂದು ಈ ನಾಡಿಗೆ ಗರ್ಭದ ಪಾವಿತ್ರ್ಯವನ್ನು ಕಲಿಸಲು ಯಾರೂ ಹೊರಗಿನಿಂದ ಬರಬೇಕಾಗಿರಲಿಲ್ಲ. ಭ್ರೂಣಹತ್ಯೆಯು ಘೋರಪಾತಕವೆಂದು ಧರ್ಮಶಾಸ್ತ್ರಗಳು ಸಾರುತ್ತಲೇ ಬಂದಿವೆ. ಗಂಡೋ ಹೆಣ್ಣೋ ಎಂದು ತಿಳಿಯದ ಗರ್ಭವನ್ನು ಕೊಂದವನಿಗೆ ಬ್ರಹ್ಮಹತ್ಯೆಯ ಪ್ರಾಯಶ್ಚಿತ್ತವನ್ನೇ ಮನುವು ವಿಧಿಸಿದ್ದಾನೆ. ಕಾಗವಾಡ, ಶೇಡಬಾಳ, ನಿಪ್ಪಾಣಿಗಳ ಸುತ್ತಲಿನ ಜೈನರ ಮಾತು ಇನ್ನೂ ಮುಂದಿನದು. ತೀರ್ಥಂಕರರ ಪಂಚಕಲ್ಯಾಣಗಳಲ್ಲಿ ಮೊದಲನೆಯದು ಜನ್ಮಕಲ್ಯಾಣವಲ್ಲ, ಗರ್ಭಕಲ್ಯಾಣ. ದಿಗಂಬರ ಮುನಿಪರಂಪರೆಗೆ ಇಪ್ಪತ್ತನೆಯ ಶತಮಾನದಲ್ಲಿ ಹೊಸ ಕಳೆ ತಂದ ಆಚಾರ್ಯ ಶಾಂತಿಸಾಗರರು (ಜನನ ಇ. ಸ. 1872) ಇದೇ ಸೀಮೆಯ ಭೋಜ ಗ್ರಾಮದ ಮನೆತನದವರು. ತತ್ತ್ವಕ್ಕೆ ಕೊರತೆಯಿರಲಿಲ್ಲ. ಬಸಿರಾದ ವಿಧವೆಯು ನಡುರಾತ್ರಿ ಬಂದು ತಟ್ಟಬಹುದಾದ ಒಂದು ಬಾಗಿಲಿಗೆ ಮಾತ್ರ ಕೊರತೆಯಿದ್ದಿತು.

ಕ್ರೈಸ್ತ ವಿಶ್ವಾಸವು ಈ ಭಾಗಕ್ಕೆ ಮೂರು ಕಡೆಗಳಿಂದ ಬಂದಿತು. ಲಂಡನ್ ಮಿಶನ್ನಿನ ಜೋಸೆಫ್ ಟೇಲರನು ಇ. ಸ. 1820 ರಲ್ಲಿ ಬೆಳಗಾವಿಯಲ್ಲಿ ನೆಲೆಯೂರಿದನು. ಆ ಕ್ಷೇತ್ರವು 1904 ರಲ್ಲಿ ಅಮೆರಿಕದ ಮೆಥೊಡಿಸ್ಟರ ಕೈಗೆ ಹೋಯಿತು. ರಾಯಬಾಗವು 1949 ರ ವರೆಗೂ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದ ಊರು. ಕೊಲ್ಲಾಪುರದಲ್ಲಿ 1852 ರಲ್ಲಿ ರಾಯಲ್ ಗೋಲ್ಡ್ ವೈಲ್ಡರನು ಮಿಶನ್ನನ್ನು ಸ್ಥಾಪಿಸಿದನು. ಮೂರನೆಯದು ಮಿರಜಿನ ಆಸ್ಪತ್ರೆ. ಅದರ ಮಾತು ಮುಂದೆ ಬರುವದು. ಇವರ ಕೈಯಲ್ಲಿದ್ದ ಗ್ರಂಥವು 1831 ರ ಹೊತ್ತಿಗೆ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ ಕನ್ನಡದಲ್ಲಿ ಪೂರ್ತಿಯಾಗಿ ಅಚ್ಚಾಗಿದ್ದಿತು. ತಾಯಿಯ ಹೊಟ್ಟೆಯಲ್ಲಿರುವಾಗಲೇ ತನ್ನನ್ನು ದೇವರು ನೇದನೆಂದು ಹಾಡುವ ಕೀರ್ತನಕಾರನೂ, ಮರಿಯಳ ಕಂಠಧ್ವನಿಯನ್ನು ಕೇಳಿ ಎಲಿಸಬೇತಳ ಗರ್ಭದಲ್ಲಿ ನಲಿದಾಡಿದ ಕೂಸೂ ಅದರಲ್ಲಿದ್ದರು.

ಆದಿಯ ಕ್ರೈಸ್ತಸಭೆಗಳ ಇತಿಹಾಸದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಒಂದು ಸಂಗತಿಯು ಮನನೀಯವಾಗಿದೆ. ಕೂಸನ್ನು ಗರ್ಭದಲ್ಲಿ ಕೊಲ್ಲಬಾರದೆಂಬ ವಿಧಿಯು 'ದಿದಖೆ' ಎಂಬ ಅತಿ ಪ್ರಾಚೀನವಾದ ಉಪದೇಶಸಂಗ್ರಹದಲ್ಲಿಯೇ ಇದೆ. ಆದರೆ ಇ. ಸ. 314 ರಲ್ಲಿ ಅಂಕುರಾ ಪಟ್ಟಣದಲ್ಲಿ ನೆರೆದ ಧರ್ಮಸಭೆಯು, ಗರ್ಭವನ್ನು ಕೆಡಿಸಿದ ಹೆಂಗಸಿಗೆ ಸಾಯುವವರೆಗೆ ಬಹಿಷ್ಕಾರವೆಂದಿದ್ದ ಹಳೆಯ ನಿಯಮವನ್ನು ಸಡಿಲಿಸಿ ಹತ್ತು ವರುಷಗಳ ಪ್ರಾಯಶ್ಚಿತ್ತವೆಂದು ಮಾಡಿತು. ಆ ಶತಮಾನದಲ್ಲಿಯೇ ಕೈಸರೇಯದ ಬಸಿಲನು, ಕೃತ್ಯವು ಹತ್ಯೆಯೇ ಸರಿಯೆಂದು ಸಾರುತ್ತ, ಶಿಕ್ಷೆಗೆ ಮಾತ್ರ ಅದೇ ಹತ್ತು ವರುಷಗಳ ಮಿತಿಯನ್ನು ಹಾಕಿದನು. ಪಾಪವನ್ನು ಪಾಪವೆಂದೇ ಕರೆದು ಪಾಪಿಗೆ ಹಿಂತಿರುಗುವ ದಾರಿಯನ್ನಿಟ್ಟ ಈ ನಡೆಯು ಮುಂದೆ ಎಷ್ಟೋ ಕಡೆ ಮರೆತುಹೋಯಿತು. ಕ್ರೈಸ್ತರಲ್ಲಿ ಏಕಾಭಿಪ್ರಾಯವೂ ಉಳಿಯಲಿಲ್ಲ; ತಾಯಿಯ ಪ್ರಾಣವನ್ನುಳಿಸಲು ಗರ್ಭವನ್ನು ತೆಗೆಯಬಹುದೆಂದು ಪ್ರಾಟೆಸ್ಟೆಂಟರಲ್ಲಿ ಅನೇಕರು ಒಪ್ಪುತ್ತಾರೆ, ನೇರವಾದ ಗರ್ಭಪಾತವನ್ನು ಕಥೋಲಿಕ ಸಭೆಯು ಯಾವ ಕಾರಣಕ್ಕೂ ಒಪ್ಪದು.

ಸರಕಾರದ ಕಾಯದೆಯಾದರೋ ಬೇರೆ ಬಗೆಯದು. 1862 ರ ಜನೇವರಿ 1 ರಿಂದ ಜಾರಿಗೆ ಬಂದ ಭಾರತೀಯ ದಂಡಸಂಹಿತೆಯ 312 ನೆಯ ಕಲಮಿನಂತೆ, ತಾಯಿಯ ಜೀವವನ್ನುಳಿಸುವ ಸದುದ್ದೇಶವಿಲ್ಲದೆ ಗರ್ಭಪಾತ ಮಾಡಿಸಿದವರಿಗೆ ಮೂರು ವರುಷ, ಗರ್ಭದಲ್ಲಿ ಕೂಸು ಮಿಸುಕುತ್ತಿದ್ದರೆ ಏಳು ವರುಷ ಸೆರೆಮನೆ. ತಾನೇ ಗರ್ಭವನ್ನು ಕಳಕೊಂಡ ಹೆಂಗಸೂ ಇದರೊಳಗೆ ಬಂದಳು. ಹೆತ್ತು ಬಿಟ್ಟುಹೋದರೆ 317, ಸತ್ತ ಕೂಸನ್ನು ಗುಟ್ಟಾಗಿ ಹೂತರೆ 318. ಎತ್ತ ತಿರುಗಿದರೂ ಆಕೆಗೆ ಒಂದು ಕಲಮು ಕಾದಿದ್ದಿತು. ಆಕೆಯನ್ನು ಬಸಿರು ಮಾಡಿದವನಿಗೆ ಬಸಿರು ಮಾಡಿದ್ದಕ್ಕಾಗಿ ಈ ಕಲಮುಗಳಲ್ಲಿ ಶಿಕ್ಷೆಯಿರಲಿಲ್ಲ. ಅವನು ಅನೇಕ ಸಲ ಆ ಮನೆಯ ಭಾವನೋ ಮೈದುನನೋ ಆಗಿರುತ್ತಿದ್ದನು. 1881 ರಲ್ಲಿ ಸುರತದ ಕಡೆಯ ವಿಜಯಲಕ್ಷ್ಮಿಯೆಂಬ ಬ್ರಾಹ್ಮಣ ವಿಧವೆಗೆ ಶಿಶುಹತ್ಯೆಯ ಅಪರಾಧಕ್ಕಾಗಿ ಗಲ್ಲಿನ ಶಿಕ್ಷೆಯಾಯಿತು. ಕೂಗಾಟವೆದ್ದ ಮೇಲೆ ಅದು ಐದು ವರುಷಕ್ಕೆ ಇಳಿಯಿತು. ಆ ಕೂಗಾಟದಲ್ಲಿ ಕೂಸಿನ ತಂದೆ ಯಾರೆಂದು ಕೇಳಿದವರು ಕಡಿಮೆ. ಕೇಳಿದವಳು ತಾರಾಬಾಯಿ ಶಿಂದೆ. ಆಕೆಯ 'ಸ್ತ್ರೀಪುರುಷ ತುಲನಾ' 1882 ರಲ್ಲಿ ಹೊರಬಿದ್ದಿತು.

ಬಾಗಿಲನ್ನು ತೆರೆದವರಲ್ಲಿ ಮೊದಲಿಗರು ಕ್ರೈಸ್ತರಲ್ಲವೆಂಬದನ್ನು ಮರೆಮಾಚಲಾಗದು. ಜೋತಿರಾವ ಫುಲೆ, ಸಾವಿತ್ರೀಬಾಯಿಯವರು 1863 ರಲ್ಲಿ ಪುಣೆಯ ತಮ್ಮ ಮನೆಯಲ್ಲಿಯೇ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ತೆರೆದು, ವಿಧವೆಯರು ಗುಟ್ಟಾಗಿ ಬಂದು ಹೆತ್ತುಹೋಗಬಹುದೆಂದು ಪ್ರಕಟಿಸಿದರು. ಹಾಗೆ ಬಂದ ಬ್ರಾಹ್ಮಣ ವಿಧವೆಯ ಮಗನನ್ನೇ ದತ್ತಕ್ಕೆ ತಕ್ಕೊಂಡರು. ಅಥಣಿಯ ಸೀಮೆಗೆ ಹೆಚ್ಚು ಹತ್ತಿರದ್ದು ಪಂಢರಪುರದ ಗೃಹ. ಪ್ರಾರ್ಥನಾಸಮಾಜದವರು 1875 ರಲ್ಲಿ ಲಾಲಶಂಕರ ಉಮಿಯಾಶಂಕರರ ಪ್ರಯತ್ನದಿಂದ ಅದನ್ನು ಸ್ಥಾಪಿಸಿದರು. ಆಷಾಢ, ಕಾರ್ತಿಕಗಳಲ್ಲಿ ಜತ್ತ, ಸಾಂಗೋಲೆಗಳ ಮಾರ್ಗವಾಗಿ ಕನ್ನಡ ದಿಂಡಿಗಳು ನಡೆದುಹೋಗುವ ಊರದು. ವಿಠ್ಠಲನ ದರ್ಶನಕ್ಕೆಂದು ಹೊರಟವಳನ್ನು ಯಾರೂ ಏಕೆ ಎಂದು ಕೇಳರು. ಕೇಳದಿದ್ದುದರಿಂದಲೇ ಚಂದ್ರಭಾಗೆಯ ದಂಡೆಯಲ್ಲಿ ಕೂಸುಗಳು ಸಿಕ್ಕುತ್ತಿದ್ದವು.

ಈ ಕೆಲಸವನ್ನು ಕ್ರೈಸ್ತ ವಿಶ್ವಾಸದ ಬಹಿರಂಗ ಸ್ವೀಕಾರದೊಂದಿಗೆ ಕೂಡಿಸಿದವಳು ಕನ್ನಡ ನೆಲದಲ್ಲಿ ಹುಟ್ಟಿದವಳು. ಪಂಡಿತಾ ರಮಾಬಾಯಿಯು 1858 ರ ಏಪ್ರಿಲ್ 23 ರಂದು ತುಂಗಾಭದ್ರೆಯರ ಉಗಮಸ್ಥಾನವಾದ ಗಂಗಾಮೂಲದ ಅಡವಿಯಲ್ಲಿ ಜನಿಸಿದಳು. ತಂದೆ ಅನಂತಶಾಸ್ತ್ರಿ ಡೋಂಗರೆಯು ಹೆಂಡತಿಗೂ ಮಗಳಿಗೂ ಸಂಸ್ಕೃತವನ್ನು ಕಲಿಸಿದ್ದಕ್ಕಾಗಿ ಪಂಡಿತರ ವಿರೋಧವನ್ನು ಕಟ್ಟಿಕೊಂಡವನು. ಬರದಲ್ಲಿ ತಂದೆತಾಯಿಗಳನ್ನು ಕಳಕೊಂಡು, ಅಣ್ಣನೊಡನೆ ದೇಶವೆಲ್ಲ ನಡೆದು, ಕಲಕತ್ತೆಯ ವಿದ್ವತ್ಸಭೆಯಿಂದ ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನು ಪಡೆದು, ಮದುವೆಯಾಗಿ ಎರಡು ವರುಷ ತುಂಬುವದರೊಳಗೆ, 1882 ರಲ್ಲಿ, ಹಾಲು ಕುಡಿಯುವ ಮಗಳೊಂದಿಗೆ ಆಕೆ ವಿಧವೆಯಾದಳು. ಅದೇ ವರುಷ ಹಂಟರ್ ಆಯೋಗದ ಮುಂದೆ ನಿಂತು, ಹೆಂಗಸರಿಗೆ ಹೆಂಗಸರೇ ವೈದ್ಯರಾಗಬೇಕೆಂದು ಸಾಕ್ಷಿ ನುಡಿದಳು.

1883 ರಲ್ಲಿ ಆಕೆ ಇಂಗ್ಲೆಂಡಿಗೆ ಹೋದಳು. ಅಲ್ಲಿ ವಾಂಟೇಜಿನ ಸಂನ್ಯಾಸಿನಿಯರು ಲಂಡನ್ನಿನ ಫುಲ್ಹ್ಯಾಮಿನಲ್ಲಿ, ಜನರು ಕೆಟ್ಟವರೆಂದು ಹೊರಹಾಕಿದ ಹೆಂಗಸರಿಗಾಗಿ ನಡೆಸುತ್ತಿದ್ದ ಮನೆಯನ್ನು ಕಂಡಳು. ಹಾಗೆ ಹಾದಿ ತಪ್ಪಿದವರನ್ನು ಮತ್ತೆ ಮನುಷ್ಯರೆಂದು ಬರಮಾಡಿಕೊಳ್ಳುವ ಮನೆಯೊಂದು ಇರಬಹುದೆಂಬದೇ ಆಕೆಗೆ ಹೊಸದಾಗಿತ್ತು. ಇದೇಕೆಂದು ಕೇಳಿದಾಗ ಸಂನ್ಯಾಸಿನಿಯೊಬ್ಬಳು ಸಮಾರ್ಯದ ಹೆಂಗಸಿನೊಂದಿಗೆ ಕ್ರಿಸ್ತನು ಬಾವಿಯ ಕಟ್ಟೆಯ ಮೇಲೆ ಮಾತಾಡಿದ ಕತೆಯನ್ನು ಓದಿ ಹೇಳಿದಳು. ತನ್ನ ವಿಶ್ವಾಸದ ಬೇರು ಅಲ್ಲಿದೆಯೆಂದು 1907 ರಲ್ಲಿ ಪ್ರಕಟಿಸಿದ ಆತ್ಮಸಾಕ್ಷ್ಯದಲ್ಲಿ ರಮಾಬಾಯಿಯೇ ಹೇಳಿಕೊಂಡಿದ್ದಾಳೆ. 1883 ರ ಸೆಪ್ಟೆಂಬರ್ 29 ರಂದು ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು. ಶಾಸ್ತ್ರವಾದದಲ್ಲಿ ಪಂಡಿತರಿಗೆ ಸೋಲದವಳನ್ನು ಒಂದು ತೆರೆದ ಮನೆಯು ಒಲಿಸಿತೆಂಬದು ಆಕೆಯ ಜೀವನದಲ್ಲಿ ಎಲ್ಲಕ್ಕೂ ಮಿಗಿಲಾದ ಸಂಗತಿ. ಆದರೂ ಆಕೆ ಯಾರ ಕೈಗೊಂಬೆಯೂ ಆಗಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇಕೆ, ಸಂಸ್ಕೃತವಿರಲಿ ಎಂದು ಗುರುಗಳೊಡನೆ ವಾದಿಸಿದಳು.

ಆಕೆಯ 'ಉಚ್ಚವರ್ಣದ ಹಿಂದೂ ಸ್ತ್ರೀ' ಎಂಬ ಇಂಗ್ಲಿಷ್ ಗ್ರಂಥವು 1887 ರಲ್ಲಿ ಫಿಲಡೆಲ್ಫಿಯದಲ್ಲಿ ಪ್ರಕಟವಾಯಿತು. ಅದರಲ್ಲಿ ಆಕೆ, ಅಮೃತಸರ ಪಟ್ಟಣದಲ್ಲಿ ಒಂದೇ ವರುಷದಲ್ಲಿ ಮುನ್ನೂರು ಮಕ್ಕಳನ್ನು ತೋಳಗಳು ಒಯ್ದವೆಂಬ 1870 ರ ಖಾನೇಸುಮಾರಿಯ ಮಾತನ್ನೆತ್ತಿ, ಒಯ್ದವೆಲ್ಲ ಹೆಣ್ಣುಕೂಸುಗಳೇ ಎಂದು ತೋರಿಸಿದ್ದಾಳೆ. ಗ್ರಂಥವಿಡೀ ಸಮಾಜವನ್ನು ಕೆಣಕಿದ್ದಕ್ಕಿಂತ ಈ ತೋಳಗಳ ಸಾಲು ಹೆಚ್ಚು ಕೆಣಕಿರಬೇಕು.

1889 ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾಸದನವು ಮರುವರುಷ ಪುಣೆಗೆ ಬಂದಿತು. ವಿಧವೆಯರ ಈ ಶಾಲೆಯಲ್ಲಿ ಧರ್ಮಬೋಧೆಯಿಲ್ಲವೆಂಬ ಕರಾರಿದ್ದಿತು. ರಮಾಬಾಯಿಯು ಬೋಧಿಸಲಿಲ್ಲ, ತನ್ನ ಕೋಣೆಯ ಕದವನ್ನು ತೆರೆದಿಟ್ಟು ಪ್ರಾರ್ಥಿಸುತ್ತಿದ್ದಳು, ಹುಡುಗಿಯರು ಬಂದು ಕೂಡತೊಡಗಿದರು. 'ಕೇಸರಿ'ಯು ಕಿಡಿ ಕಾರಿತು. 1893 ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳು ಸಲಹಾಮಂಡಲವನ್ನು ಬಿಟ್ಟರು. ಎಷ್ಟೋ ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಕರಾರಿನ ಮಾತನ್ನು ಎತ್ತಿದವರದು ತಪ್ಪೆನ್ನಲಾಗದು. ಪ್ರಾರ್ಥಿಸುವಾಗ ಕದ ಮುಚ್ಚೆಂದು ಹೇಳಿಸಿಕೊಳ್ಳಲು ಒಪ್ಪದವಳದೂ ತಪ್ಪಲ್ಲ. ಕದವನ್ನು ಮುಚ್ಚಿದ್ದರೆ ವಿಶ್ವಾಸವನ್ನು ಅಲ್ಲಗಳೆದಂತೆ, ತೆರೆದರೆ ವಿಧವೆಯರ ಆಸರೆಗೇ ಸಂಚಕಾರ. ಇವೆರಡರ ನಡುವೆ ಆಕೆ ಬೆಲೆ ತೆತ್ತು ನಿಂತಳು.

1896-97 ರ ಬರದಲ್ಲಿ ಆಕೆ ಮಧ್ಯಪ್ರಾಂತದಿಂದ ಸುಮಾರು 300 ಹೆಣ್ಣುಮಕ್ಕಳನ್ನು ಕರತಂದು ಕೇಡಗಾಂವಿಯಲ್ಲಿ ನೆಲೆಗೊಳಿಸಿದಳು. ಅದೇ ಮುಕ್ತಿಸದನ. 1899 ರ ಸುಮಾರಿಗೆ ಅದರ ಮಗ್ಗುಲಲ್ಲಿ ಕೃಪಾಸದನವೆದ್ದಿತು. ಕೆಟ್ಟವಳೆಂದು ಊರು ಹೊರಹಾಕಿದವಳಿಗೆ, ಫುಲ್ಹ್ಯಾಮಿನಲ್ಲಿ ಕಂಡಂಥ ಮನೆಯು ಹದಿನಾರು ವರುಷಗಳ ತರುವಾಯ ಭೀಮೆಯ ಬಯಲಿನಲ್ಲಿ ದೊರೆಯಿತು. ಕನ್ನಡವೂ ಬರುತ್ತಿದ್ದ ರಮಾಬಾಯಿಯು ಕನ್ನಡನಾಡನ್ನು ಮರೆಯಲಿಲ್ಲ. ಮಗಳು ಮನೋರಮೆಯ ನೆರವಿನಿಂದ ಕಲಬುರಗಿಯಲ್ಲೊಂದು ಶಾಲೆಯನ್ನೂ ನಡೆಸಿದಳು. 1922 ರ ಏಪ್ರಿಲ್ 5 ರಂದು ತೀರಿಕೊಂಡಳು. ಗರ್ಭಸ್ಥ ಶಿಶುವಿನ ಪರವಾಗಿ ಆಕೆ ಪ್ರತ್ಯೇಕವಾದ ಸಿದ್ಧಾಂತಗ್ರಂಥವನ್ನು ಬರೆದವಳಲ್ಲ. ತಾಯಿಗೆ ಮುಖವೆತ್ತಿ ನಿಲ್ಲುವ ಸ್ಥಳ ಸಿಕ್ಕರೆ ಕೂಸನ್ನು ಕೊಲ್ಲುವ ಕಾರಣಗಳಲ್ಲಿ ದೊಡ್ಡದು ತಾನಾಗಿ ಇಲ್ಲವಾಗುವದು. ಆಕೆ ಕಟ್ಟಿದ ಮನೆಯೇ ಆ ಗ್ರಂಥ.

ಇತ್ತ ಮಿರಜಿನಲ್ಲಿ 1894 ರಲ್ಲಿ ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಶನ್ನಿನ ಡಾಕ್ಟರ ವಿಲಿಯಂ ವಾನ್ಲೆಸ್ಸನು ಆಸ್ಪತ್ರೆಯನ್ನು ತೆರೆದನು. 1890 ರ ಹೊತ್ತಿಗೆ ಸದರ್ನ್ ಮರಾಠಾ ರೇಲ್ವೆಯು ಬೆಳಗಾವಿಯ ಕಡೆಯಿಂದ ಚಿಕ್ಕೋಡಿ ರೋಡ, ರಾಯಬಾಗ, ಕುಡಚಿ, ಶೇಡಬಾಳಗಳನ್ನು ಹಾದು ಮಿರಜಿಗೆ ಮುಟ್ಟಿದ್ದಿತು. ಸೂಲಗಿತ್ತಿಯ ಕೈಮೀರಿದ ಹೆರಿಗೆಯನ್ನು ಹೊತ್ತು ಗಾಡಿಯಲ್ಲೋ ರೈಲಿನಲ್ಲೋ ಧಾವಿಸಲು ಈ ಸೀಮೆಗೆ ಹೀಗೊಂದು ನೆಲೆ ದೊರೆಯಿತು. ಕಾಗವಾಡದಿಂದಲಂತೂ ಮಿರಜು ಹತ್ತು ಮೈಲಿನ ಆಸುಪಾಸು.

ಆ ಹತ್ತು ಮೈಲಿನ ದಾರಿಯ ಮೇಲೆಯೇ ಮ್ಹೈಸಾಳವೆಂಬ ಊರಿದೆ. 1956 ರಲ್ಲಿ ಈ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದಂದಿನಿಂದ ನಡುವೆ ರಾಜ್ಯದ ಗಡಿ. ದಾಟಿದವರ ಗುರುತು ಆಚೆಯವರಿಗಿಲ್ಲ. ಅಷ್ಟರಲ್ಲಿ ಕಾಯದೆಯೂ ಬೇರೆಯಾಗಿದ್ದಿತು. 1971 ರ ಕಾನೂನು ಗೊತ್ತುಪಡಿಸಿದ ಕಾರಣಗಳಿಗೆ ವೈದ್ಯರ ಕೈಯಿಂದ ಗರ್ಭಪಾತವನ್ನು ಸಮ್ಮತಿಸಿತು. 2021 ರಲ್ಲಿ ಅದರ ಅವಧಿ ಇನ್ನೂ ಬೆಳೆಯಿತು. ಗರ್ಭದಲ್ಲಿರುವದು ಗಂಡೋ ಹೆಣ್ಣೋ ಎಂದು ಹೇಳುವದನ್ನು 1994 ರ ಕಾನೂನು ಅಪರಾಧವಾಗಿಸಿತು. ಆದರೂ 2001 ರ ಖಾನೇಸುಮಾರಿಯಲ್ಲಿ ಆರು ವರುಷದೊಳಗಿನ ಸಾವಿರ ಗಂಡುಮಕ್ಕಳಿಗೆ ಕೊಲ್ಲಾಪುರ ಜಿಲ್ಲೆಯಲ್ಲಿ 839, ಸಾಂಗಲಿಯಲ್ಲಿ 851, ಬೆಳಗಾವಿಯಲ್ಲಿ 921 ಹೆಣ್ಣುಮಕ್ಕಳಿದ್ದರು.

ಸಂಕಟದ ಮೋರೆ ಬದಲಾಗಿದ್ದಿತು. ಹಿಂದೆ ಕೊಲೆಗೀಡಾಗುತ್ತಿದ್ದುದು ತಂದೆಯಿಲ್ಲದ ಕೂಸು. ಅದು ಗಂಡೋ ಹೆಣ್ಣೋ ಎಂದು ನೋಡುವವರಿರಲಿಲ್ಲ. ಈಗ ತಂದೆಯಿದ್ದು, ಕುಂಕುಮವಿದ್ದು, ಕುಬಸಕ್ಕೆ ಅಡ್ಡಿಯಿಲ್ಲದ ಮನೆಯಲ್ಲಿಯೇ, ಹೆಣ್ಣೆಂಬ ಒಂದೇ ಕಾರಣಕ್ಕೆ ಅದಕ್ಕೆ ಸ್ಥಳವಿಲ್ಲ. ವಿಧವೆಯಾದರೆ ಓಡಿಹೋಗಲು ಪಂಢರಪುರವಿದ್ದಿತು, ಕೇಡಗಾಂವಿಯಿದ್ದಿತು. ಗಂಡನೂ ಅತ್ತೆಯೂ ಕೂಡಿ ಗಾಡಿ ಹತ್ತಿಸಿ ಕರೆದೊಯ್ಯುವ ಸೊಸೆಯು ಯಾವ ಬಾಗಿಲನ್ನು ತಟ್ಟಬೇಕು?

2017 ರ ಮಾರ್ಚಿನಲ್ಲಿ ಮ್ಹೈಸಾಳದ ಒಂದು ದವಾಖಾನೆಯಲ್ಲಿ ಗರ್ಭಪಾತದಿಂದ 26 ವರುಷದ ಹೆಣ್ಣುಮಗಳೊಬ್ಬಳು ಸತ್ತ ಮೇಲೆ ಪೋಲೀಸರು ಊರ ಹೊರಗೆ ನೆಲವನ್ನು ಅಗೆಸಿದರು. ಚೀಲಗಳಲ್ಲಿ ಕಟ್ಟಿ ಹೂತ 19 ಭ್ರೂಣಗಳು ಹೊರಬಂದವು. ತನಿಖೆಯು ಗಡಿಯನ್ನು ದಾಟಿ ಕರ್ನಾಟಕದೊಳಕ್ಕೂ ಬಂದಿತು.